ಐದಡಿ ಪೈಪು

ಕಾಕ್ಸ್ ಟೌನು, ಡಾಟಿ ಅಮ್ಮನ ಮನೆ, ಹಿಂದಿನ ಬಚ್ಚಲು.
ಮೂರು ದಿನದಿಂದ ಗೋಡೆ ಬೆವರುತ್ತಿದೆ ಅಂತ ಫೋನು.
ಐದಡಿ ಪೈಪು ಹೆಗಲಿಗೇರಿಸಿ
ಗೇಟು ದೂಡಿ ಒಳಗೆ ಬಂದರೆ
ಜಗುಲಿಯಲ್ಲಿ ಕೂತಿದ್ದ ಬಿಳಿ ಮುದುಕಿ, ಬಾಡಿಗೆಯವಳು,
ಟೀ ಬಟ್ಟಲು ಕೆಳಗಿಟ್ಟು ಎದ್ದು ನಿಂತಳು,
ಬೀದಿಯಲ್ಲಿ ಹೆಣ ಹೊರಟರೆ ನಿಲ್ಲುವ ಹಾಗೆ.

ಪೈಪು ಇಳಿಸಿದೆ. ಏನು ತಪ್ಪಾಯಿತೋ.

ಡಾಟಿ ಅಮ್ಮ ನಡುವೆ ನಿಂತು ಅರ್ಧ ಇಂಗ್ಲಿಷು,
ಅರ್ಧ ತನ್ನ ಕಂಟೋನ್ಮೆಂಟು ಕನ್ನಡದಲ್ಲಿ ಹೇಳಿದ್ದು:

ಈಕೆಯ ಸೋದರಮಾವ, ಹೆಸರು ರಾಯ್ ಪೆನ್‌ಹಾಲ್.
ಆಸ್ಟ್ರೇಲಿಯಾದಲ್ಲಿ ತಾಮ್ರದ ಗಣಿ ಮುಚ್ಚಿಹೋದ ಒಂದೂರು,
ಅಲ್ಲಿ ಕುದುರೆಗಾಡಿಯಲ್ಲಿ ಬ್ರೆಡ್ಡು ಹಂಚುವ ಹುಡುಗ.
ಎಡಚ. ಹಲ್ಲಿನ ನಡುವೆ ಸಂದು, ಸಿಳ್ಳೆ ಹಾಕಲು ಬಾರದು.
ವಯಸ್ಸಿಗೆ ಎರಡು ವರ್ಷ ಸೇರಿಸಿ ಹೇಳಿ ಪಟಾಲಮ್ಮು ಸೇರಿದ.
ಅವನು ಹೋದ ಮೇಲೂ ಕುದುರೆ
ಅವರ ಮನೆ ಬಂದಾಗ ತಾನೇ ನಿಲ್ಲುತ್ತಿತ್ತಂತೆ.
ಹೊಸ ಹುಡುಗ ಬಯ್ಯುತ್ತಿದ್ದನಂತೆ.

ನಲವತ್ತೊಂದನೇ ಇಸವಿ, ಜನವರಿ. ಲಿಬಿಯಾ, ಬಾರ್ಡಿಯಾ.
ಮರಳುಗಾಡಾದರೂ ಮೂಳೆ ಕೊರೆವ ಚಳಿ.
ಎದುರಿಗೆ ಮುಳ್ಳುತಂತಿ.
ತಂತಿಯ ಕೆಳಗೆ ತೂರಿಸಲು ಮದ್ದು ತುಂಬಿದ ಕಬ್ಬಿಣದ ಕೊಳವೆ,
ಒಂದಕ್ಕೊಂದು ಜೋಡಿಸುತ್ತಾ ಉದ್ದ ಮಾಡುವಂಥದ್ದು,
ನಾವು ಸಾಕೆಟ್ಟು ಹಾಕುತ್ತೇವಲ್ಲ, ಹಾಗೆ.
ಇಲ್ಲೇ, ಹಲಸೂರು ಕೆರೆ ಪಕ್ಕದ ಸ್ಯಾಪರ್ಸ್ ಗೇಟಿನೊಳಗೆ
ಯಾರೋ ಸಾಹೇಬ ಹಿಂದೆಂದೋ ಕಂಡುಹಿಡಿದದ್ದು.
ಸಿಪಾಯಿಗಳ ಬಾಯಲ್ಲಿ ಅದರ ಹೆಸರು ಬ್ಯಾಂಗಲೋರ್.

ತಂತಿ ಹರಿಯಿತು. ಹಿಂದಿದ್ದವರು ದಾಟಿದರು.
ರಾಯ್ ದಾಟಲಿಲ್ಲ.

ಟೆಲಿಗ್ರಾಮು ಮೊದಲು ತಲುಪಿತು.
ಅವನ ಕಾಗದ ಹಡಗಿನಲ್ಲಿ ತೇಲಿ, ಅದಾಗಿ ಆರು ವಾರಕ್ಕೆ:
"ಅಮ್ಮಾ, ನಾಳೆ ಬೆಳಗಿನ ಜಾವ ನನ್ನ ಪಾಲಿಗೆ ಬ್ಯಾಂಗಲೋರ್."
ಅಷ್ಟೇ. ಕೆಳಗೆ ಸಹಿ.

ತಾಯಿ ಮಗಳ ಶಾಲೆಯ ಭೂಪಟ ತೆಗೆದು
ಬೆರಳಾಡಿಸಿ, ಹುಡುಕಿ, ನಮ್ಮೂರಿಗೆ
ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಿದಳು.
ಟೆಲಿಗ್ರಾಮು ಬೇರೆ ಯಾರದೋ, ಅಂದಳು ಪಕ್ಕದ ಮನೆಗೆ.
ನಮ್ಮ ಹುಡುಗನನ್ನು ಇಂಡಿಯಾಕ್ಕೆ ಕಳಿಸಿದ್ದಾರೆ.
ಹಿತವಾದ ಊರಂತೆ, ತುಂಬ ಹೂದೋಟಗಳಂತೆ.
ಹೆಣೆಯುತ್ತಿದ್ದ ಉಣ್ಣೆ ಕಾಲುಚೀಲ ಹಿಮ್ಮಡಿವರೆಗೆ ಬಂದಿತ್ತು.
ಅದನ್ನು ಬಿಚ್ಚಿ ನೂಲು ಉಂಡೆ ಸುತ್ತಿಟ್ಟಳು.

ಐದು ಕಾಗದ ಬರೆದಳಂತೆ: ರಾಯ್ ಪೆನ್‌ಹಾಲ್, ಬ್ಯಾಂಗಲೋರ್.
ಮೂರು ವಾಪಸಾದವು, ಮೈತುಂಬ ಮುದ್ರೆ.
ಎರಡು ಬರಲಿಲ್ಲ.
ಆ ಎರಡನ್ನೇ ನಂಬಿಕೊಂಡು ಮುದುಕಿಯಾದಳು.

"ಆ ಎರಡು ಎಲ್ಲಿ?"
ನನ್ನನ್ನೇ ನೋಡಿ ಕೇಳಿದಳು ಈಕೆ.
ಈ ಊರಿನ ಯಾವ ರಸ್ತೆಯ ಕೆಳಗೆ
ಯಾವ ಕಾಲದ ಪೈಪಿದೆ, ಗೊತ್ತು ನನಗೆ.
ಯಾವ ನಕ್ಷೆಯಲ್ಲೂ ಇಲ್ಲದ ಜಾಯಿಂಟುಗಳೂ ಗೊತ್ತು.
ಕಾಗದ ಗೊತ್ತಿಲ್ಲ.

ಮುಟ್ಟಲೇ ಅಂದಳು. ಮುಟ್ಟಿ ಅಂದೆ.
ಬಿಸಿಲಿಗೆ ಕಾದಿತ್ತು, ಆದರೂ ಕೈ ತೆಗೆಯಲಿಲ್ಲ.
ಭಾರವೇ? ಅಭ್ಯಾಸ, ಅಂದೆ.
ಹತ್ತೊಂಬತ್ತು ವರ್ಷದ ಹುಡುಗನಿಗೆ?

ನನ್ನ ಜೊತೆಯ ಮುನಿಯಲ್ಲಪ್ಪನಿಗೆ ಹದಿನೆಂಟು.
ಮೆಟ್ಟಿಲ ಮೇಲೆ ಕೂತು ಮರೆಗೆ ಸೆಣಬು ಸುತ್ತುತ್ತಾ
ಒಂದು ಕಣ್ಣು ಫೋನಿನಲ್ಲಿಟ್ಟು ನಗುತ್ತಿದ್ದ.
"ಇಕ್ಕಳ ಕೊಡೋ" ಅಂದೆ.
ಇಕ್ಕಳ ಬೇಕಿರಲಿಲ್ಲ.

ಸಂಜೆಗೆ ಗೋಡೆ ಒಣಗತೊಡಗಿತು.
ದುಡ್ಡು ತಾನೇ ಕೊಡುವೆನೆಂದು ಈಕೆಯ ಹಟ.
ಬಿಲ್ಲು ಯಾರ ಹೆಸರಿಗೆ ಅಂದೆ.
ಹೇಳಿದಳು. ಡಾಟಿ ಅಮ್ಮ ಸುಮ್ಮನೆ ಕನ್ನಡಕ ಒರೆಸಿಕೊಂಡಳು.
ಒಂದೊಂದೇ ಅಕ್ಷರ ಕೇಳಿ ಕೇಳಿ ಬರೆದೆ:

ಶ್ರೀ ರಾಯ್ ಪೆನ್‌ಹಾಲ್, ಕಾಕ್ಸ್ ಟೌನ್, ಬೆಂಗಳೂರು.
ಐದಡಿ ಪೈಪು ಒಂದು. ಎಲ್ಬೋ ಎರಡು. ಕೂಲಿ.

ಮೇಲಿನ ಹಾಳೆ ಆಸ್ಟ್ರೇಲಿಯಾಕ್ಕೆ ಹೋಯಿತು.
ಕಾರ್ಬನ್ ಪ್ರತಿ ನನ್ನ ಪುಸ್ತಕದಲ್ಲಿದೆ, ತುಸು ಮಸುಕು.
ಅದರ ಹಿಂದಿನ ಪುಟ ಟ್ಯಾನರಿ ರೋಡಿನ ಹೋಟೆಲಿನವನದು,
ಅವನು ಇನ್ನೂ ದುಡ್ಡು ಕೊಟ್ಟಿಲ್ಲ.