ಅರ್ಧಕ್ಕಿಂತ ಸ್ವಲ್ಪ ಜಾಸ್ತಿ

ಪೆರ್ಲ ಪೇಟೆಯಲ್ಲಿ ಐತಪ್ಪಣ್ಣನ ಸ್ಟುಡಿಯೋ
ಸಂಜೆ ಆರರಿಂದ ಎಂಟರವರೆಗೆ ನನ್ನದು.
ಅಂದರೆ ಅದರ ಒಳಕೋಣೆ, ಒಂದು ಪ್ಲಾಸ್ಟಿಕ್ ಕುರ್ಚಿ,
ಅಕ್ಷರ ಸವೆದ ಕೀಬೋರ್ಡು,
ಮತ್ತೆ ಪರದೆಯಲ್ಲಿ ಜೋಸ್‌ಕುಟ್ಟಿ ಮಾಷ್.

ಮಾಷ್ ಪಾಲಾ ಕಡೆಯವರು. ಉಸಿರು ತೆಗೆದುಕೊಳ್ಳುವುದನ್ನು
ನಾನು ಇದುವರೆಗೆ ನೋಡಿಲ್ಲ.
ಕರ್ತರಿ, ಕರ್ಮಣಿ, ಭೂತ, ಭಾವಿ ಎಲ್ಲ
ತಲಪಾಡಿ ಬಸ್ಸಿನ ಹಾಗೆ
ಕೈ ಎತ್ತುವುದರೊಳಗೆ ದಾಟಿ ಹೋಗಿರುತ್ತವೆ.
ಪಂಚಾಯತು ಕಚೇರಿಯ ಕೆಲಸ ಖಾಯಂ ಆಗಬೇಕಿದ್ದರೆ
ಮಲಯಾಳದ ಪರೀಕ್ಷೆ ಪಾಸಾಗಬೇಕು.
ಎರಡು ಸಲ ಫೇಲು. ಎರಡನೆಯ ಸಲ ಐದು ಅಂಕಕ್ಕೆ.

"ಅವನನ್ನು ಹಿಡಿದು ಕಟ್ಟು ಮಾರಾಯ್ತಿ ಜಲಜಾಕ್ಷೀ"
ಎಂದು ಐತಪ್ಪಣ್ಣ ಎರಡು ಕೀಲಿ ತೋರಿಸಿದ:
ಚೌಕ ಆವರಣ, ತೆರೆಯುವುದು, ಮುಚ್ಚುವುದು.
ಎಡದ್ದು ಒತ್ತಿದರೆ ನಿಧಾನ, ಬಲದ್ದಕ್ಕೆ ಬೇಗ.
ಮೂಲೆಯಲ್ಲಿ ಸಂಖ್ಯೆ ಇಳಿಯುತ್ತ ಬಂತು.
ಸೊನ್ನೆ ಬಿಂದು ಆರಕ್ಕೆ ಮಾಷ್
ಗಡಂಗಿನಿಂದ ಹೊರಟ ಮಾವನ ಹಾಗೆ
ಪ್ರತಿ ಶಬ್ದಕ್ಕೂ ಗೋಡೆ ಹಿಡಿದುಕೊಂಡು ನಡೆದರು.
ನನಗೆ ಅರ್ಥವಾಯಿತು.

ಮಲಯಾಳ ಗೊತ್ತಿಲ್ಲ ಎಂದಲ್ಲ.
ಮೀನಿಗೆ, ಬಸ್ಸಿಗೆ, ರೇಷನ್ನಿಗೆ
ಚಿಲ್ಲರೆಯ ಹಾಗೆ ಕೈಯಲ್ಲಿ ಇರುವುದುಂಟು.
ದೊಡ್ಡ ನೋಟು ಕೊಟ್ಟರೆ ಮುರಿಸಲು ಬರುವುದಿಲ್ಲ, ಅಷ್ಟೆ.

ಒಂದು ದಿನ ತಮಾಷೆಗೆ ಇನ್ನೂ ಇಳಿಸಿದೆ, ಕಾಲು ಭಾಗಕ್ಕೆ.
ಸ್ವರ ಬಾವಿಯೊಳಗಿನದ್ದು, ತುಟಿ ಬಸವನಹುಳು.
ಮಳೆಯ ಬಗ್ಗೆ ಏನೋ ಹೇಳುತ್ತಿದ್ದರು.
'ಮ' ಬಂತು, ಹೋಯಿತು.
ಆಮೇಲೆ ನಾಲಗೆ ಮೇಲೆದ್ದು, ಹಿಂದಕ್ಕೆ ಮಡಚಿ,
ಎಲ್ಲಿಯೂ ತಾಗದೆ
ಹಾಗೆಯೇ ನಿಂತಿತು,
ಬಾಗಿಲು ಬಡಿಯಲೋ ಬೇಡವೋ ಎಂದು.
ೞ.

ಈ ಅಕ್ಷರವನ್ನು ನಾನು ಕಂಡಿದ್ದೇನೆ.
ಎಂಟನೇ ಕ್ಲಾಸಿನಲ್ಲಿ ಕನ್ನಡ ಪಂಡಿತರು
ಬೋರ್ಡಿನ ಮೂಲೆಯಲ್ಲಿ ಬರೆದು
"ಇದು ನಮ್ಮಲ್ಲಿ ಇತ್ತು, ಈಗ ಇಲ್ಲ" ಎಂದು
ಡಸ್ಟರಿನಿಂದ ಒರಸಿದ್ದರು.
ಹೇಗೆ ಹೇಳುವುದು ಸಾರ್ ಎಂದದ್ದಕ್ಕೆ
"ಹೇಳುವವರು ಹೋಗಿ ಶತಮಾನಗಳಾದವು, ಕೂತುಕೋ."

ಸಾರ್, ಹೋಗಿಲ್ಲ. ಪಾಲಾದಲ್ಲಿ ಇದೆ.
ಕೋೞಿ, ಏೞು, ಪುೞ, ಪೞಯದು.
ನಮ್ಮ ಕೋಳಿ, ಏಳು, ಹೊಳೆ, ಹಳೆಯದು
ಒಮ್ಮೆ ಹೀಗೆಯೇ ನಾಲಗೆ ಮಡಚಿದ್ದವು.
ಕತ್ತೆ ಕೂಡ. ಕೞ್ತೆ ಎಂದು ಕರೆಸಿಕೊಂಡ ಪ್ರಾಣಿ
ಎಷ್ಟು ಮರ್ಯಾದೆಯಿಂದ ಬದುಕಿರಬೇಕು.
ನಮ್ಮ ಮೀನಿನ ಅಂದುಂಞಿಗೆ ಮಳೆ 'ಮಯ', ಕೋಳಿ 'ಕೋಯಿ'.
ಅವನದ್ದೂ ಉದುರಿದೆ.
ಅದು ಹೊಳೆದಾಗ ಯಾಕೋ ಸಮಾಧಾನ.

ಮತ್ತೆ ಆರಕ್ಕೆ ಏರಿಸಿ ಪಾಠ ಮುಗಿಸುವಾಗ
ಸ್ವರ್ಗಕ್ಕೆ ಹೋಗುವ ಕೊನೆಯ ಬಸ್ಸು ಹಾರನ್ ಹಾಕಿತು.
(ಸ್ವರ್ಗ ನಮ್ಮ ಊರು. ನಗಬೇಡಿ.)
ಓಡಿದೆ. ಸಂಖ್ಯೆಯನ್ನು ಒಂದಕ್ಕೆ ತರಲು ಮರೆತೆ.

ಮರುದಿನ ಬಾಯಾರಿನ ಒಂದು ಮನೆಯವರು
ಮಗಳ ಮದುವೆಯ ವಿಡಿಯೋ ನೋಡಲು ಬಂದಿದ್ದರಂತೆ.
ಹಾರ ಕೊರಳು ಮುಟ್ಟುವಾಗ
ಐತಪ್ಪಣ್ಣನ ಚಹಾ ತಣಿದಿತ್ತು.
ಅಕ್ಷತೆ, ಬೀಳಲು ಮನಸ್ಸಿಲ್ಲದ ಹಾಗೆ, ಬಿತ್ತು.
ಚಪ್ಪರದ ಹಿಂದಿನಿಂದ ಒಬ್ಬಳು
ಬಿಸಿ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದು ಬಂದು
ಮದುಮಗಳನ್ನು ನೋಡಿದಳು, ನಕ್ಕಳು,
ತುಟಿ ಕಚ್ಚಿದಳು, ಹೋದಳು.
ನಿಜದಲ್ಲಿ ಎರಡು ಸೆಕೆಂಡು.
"ಇದು ನಾನಾ?" ಎಂದರಂತೆ ತಾಯಿ,
ಕುರ್ಚಿಯ ತುದಿಗೆ ಜಾರಿ.

"ಎಷ್ಟು ಚಂದ ಮಾಡಿದ್ದೀರಿ, ಹೀಗೆಯೇ ಕೊಡಿ."
ಐತಪ್ಪಣ್ಣ ಎಫೆಕ್ಟಿಗೆಂದು ಐನೂರು ಜಾಸ್ತಿ ತೆಗೆದುಕೊಂಡ.
ನನಗೆ ಒಂದು ನಿಂಬೆ ಶರಬತ್ತು.

ಪರೀಕ್ಷೆ ಬರುವ ಶನಿವಾರ, ಕಾಸರಗೋಡಿನಲ್ಲಿ.
ಅಲ್ಲಿ ಆವರಣದ ಕೀಲಿ ಇರುವುದಿಲ್ಲ.
ಸೊನ್ನೆ ಬಿಂದು ಒಂಬತ್ತರ ತನಕ ಬಂದಿದ್ದೇನೆ.
ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ
ಸದ್ದಿಲ್ಲದೆ ನಾಲಗೆ ಮಡಚುತ್ತೇನೆ.
ಪಕ್ಕದಲ್ಲಿ ಕೂತವರು
ಬಾಯಿಹುಣ್ಣು ಎಂದುಕೊಂಡಿರಬೇಕು.