ಹಲ್ಲಿನ ಸಂಖ್ಯೆ

ಬದಿಯಡ್ಕ ಪೇಟೆಯಲ್ಲಿ, ಬೇಕರಿಯ ಮಾಳಿಗೆಯಲ್ಲಿ
ನಫೀಸಾ ಡಾಕ್ಟರ ಹಲ್ಲಿನ ಕ್ಲಿನಿಕ್ಕು.
ಬಿಲ್ಲು ಬರೆಯುವವಳು ನಾನು.

ಅರ್ಜಿ ಕೇಳುತ್ತದೆ: ಯಾವ ಹಲ್ಲು? ಸಂಖ್ಯೆ ನಮೂದಿಸಿ.
ಐತ್ತಪ್ಪ ಬೆಳ್ಚಪ್ಪಾಡರಿಗೆ ಮೂವತ್ತೊಂದು ಹಲ್ಲು,
ಒಂದಕ್ಕೂ ನೋವಿಲ್ಲ.
ಕಷ್ಟವೆಲ್ಲ ಪಕ್ಕದಲ್ಲಿ ಮಲಗುವ ಸರಸಕ್ಕನಿಗೆ,
ಗೊರಕೆ ಇದ್ದಾಗ ಅಲ್ಲ,
ಗೊರಕೆ ನಿಂತಾಗ.

ನಿಂತಾಗ ಆಕೆ ಎಣಿಸುತ್ತಾಳೆ
ಹಗಲಿಡೀ ಬೀಡಿ ಎಣಿಸಿದ ಹಾಗೆ.
ಇಪ್ಪತ್ತೈದಕ್ಕೆ ಒಂದು ಕಟ್ಟು.
ಕಟ್ಟು ತುಂಬಿದರೂ ಉಸಿರು ಬಾರದಿದ್ದರೆ
ಮೊಣಕೈಯಲ್ಲಿ ಒಂದು ತಿವಿತ.

ಮುಳ್ಳೇರಿಯ ಬಸ್ಸಿನ ಡ್ರೈವರು ಅವರು.
ನೆಲ್ಲಿಕಟ್ಟೆಯ ತಿರುವಿನಲ್ಲಿ, ನಡು ಮಧ್ಯಾಹ್ನ,
ಸ್ಟಿಯರಿಂಗಿಗೆ ಗಲ್ಲ ಊರಿದರಂತೆ.
ಕಂಡಕ್ಟರನ ಸೀಟಿ ಉಳಿಸಿತು.

ಪಾರದರ್ಶಕ ತಟ್ಟೆ ಎರಡು, ಬದಿಗೆ ತಿರುಪು ಎರಡು,
ಕೆಳದವಡೆಯನ್ನು ಆರು ಮಿಲಿಮೀಟರು
ರಾತ್ರಿಯಿಡೀ ಮುಂದಕ್ಕೆ ಹಿಡಿದಿರುತ್ತದೆ.
ನಲವತ್ತೆರಡು ಸಾವಿರ.

ಮೊದಲು ಅರ್ಜಿ ಮರಳಿದ್ದು ಹೆಸರಿಗೆ.
ರೇಷನ್ ಕಾರ್ಡಿನಲ್ಲಿ ಯಾರೋ ಮಲಯಾಳದ ಬಾಲ ಹಚ್ಚಿ
ಐತ್ತಪ್ಪನ್ ಮಾಡಿದ್ದರು.
ಆ ‘ನ್’ ಕಳಚಲು ಎರಡು ತಿಂಗಳು,
ಸರಸಕ್ಕ ಎಣಿಸುತ್ತಲೇ ಇದ್ದಳು.

ಆಮೇಲೆ: ಹಲ್ಲಿನ ಚಿಕಿತ್ಸೆಗೆ ವಿಮೆ ಇಲ್ಲ.
ನಾನು ಬರೆದೆ: ಸ್ವಾಮೀ, ಇದು ಬಾಯಲ್ಲಿರುವುದು ನಿಜ.
ಹಲ್ಲು ಬರಿ ಗೂಟ,
ಕಟ್ಟಿದ್ದು ಉಸಿರನ್ನು.
ಮಂಗಳೂರಿನ ನಿದ್ದೆ ಪರೀಕ್ಷೆಯ ವರದಿ ಲಗತ್ತಿಸಿದೆ,
ಗಂಟೆಗೆ ಇಪ್ಪತ್ತೆಂಟು ಸಲ ತಡೆ.

ಕೊಚ್ಚಿಯಿಂದ ಹುಡುಗನ ಫೋನು, ಪಾಪದವ:
‘ಚೇಚೀ, ಆ ಚೌಕ ಖಾಲಿ ಬಿಟ್ಟರೆ ಕಂಪ್ಯೂಟರು ಬಿಡುವುದಿಲ್ಲ.
ಯಾವುದಾದರೂ ಒಂದು ಹಲ್ಲು ಹಾಕಿ.’
ಹಾಕಿದರೆ?
‘ಹಾಕಿದರೆ ಹಲ್ಲಿನದ್ದಾಗುತ್ತದೆ.’
ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಡಾಕ್ಟರು ತಟ್ಟೆಯನ್ನು ಕಂತಿನ ಮೇಲೆ ಕೊಟ್ಟುಬಿಟ್ಟಿದ್ದಾರೆ.
ನಿನ್ನೆ ಸರಸಕ್ಕ ಬಂದಳು ಐನೂರು ಹಿಡಿದು,
ನೋಟಿಗೆ ಹೊಗೆಸೊಪ್ಪಿನ ವಾಸನೆ.
ಹೇಗುಂಟು ಅಂದೆ.
‘ಈಗ ಸದ್ದೇ ಇಲ್ಲ ಮಾರಾಯ್ತಿ.
ಇದ್ದಾರೋ ಹೋದರೋ ಗೊತ್ತಾಗಬೇಕಲ್ಲ,
ಮೂಗಿನ ಹತ್ತಿರ ಬೆರಳಿಟ್ಟು ನೋಡುವುದು.
ಅವರಿಗೆ ನಿದ್ದೆ. ನನಗೆ ಇಲ್ಲ.’

ರಶೀದಿ ಹರಿದು ಕೊಟ್ಟೆ.
ಮೆಟ್ಟಿಲಿಳಿದು ಹೋದಳು.

ಪರದೆಯ ಮೇಲೆ ಚೌಕ ಇನ್ನೂ ಖಾಲಿ.
ಒಳಗೊಂದು ಸಣ್ಣ ಗೆರೆ
ಮಿನುಗುತ್ತದೆ, ಅಳಿಯುತ್ತದೆ, ಮಿನುಗುತ್ತದೆ.
ಒಮ್ಮೆ ಕಂಪ್ಯೂಟರು ತಡವರಿಸಿ ಗೆರೆ ಅಳಿದೇ ಉಳಿಯಿತು.
ಹನ್ನೊಂದು, ಹನ್ನೆರಡು…
ನನ್ನ ಮೊಣಕೈ ತಾನಾಗಿ ಎದ್ದಿತ್ತು.