ನಡಾವಳಿ

ತಿಂಗಳ ಎರಡನೆಯ ಮಂಗಳವಾರ, ಸಂಜೆ ಏಳಕ್ಕೆ,
ಸ್ಕೆಲ್‌ಥಾರ್ಪಿನ ಚಾಪೆಲಿನ ಹಿಂಬದಿಯ ಕೋಣೆಯಲ್ಲಿ
ಹೀಟರಿಗೆ ನಾಣ್ಯ ತಿನ್ನಿಸಿ ಕೂರುತ್ತೇವೆ.
ಹಾಜರಿದ್ದವರು ಆರು. ಬರಲಾಗದೆ ಕ್ಷಮೆ ಕೋರಿದವರು ಇಬ್ಬರು:
ಒಬ್ಬರಿಗೆ ಮೊಣಕಾಲು, ಇನ್ನೊಬ್ಬರಿಗೆ ಟೀವಿಯಲ್ಲಿ ಫುಟ್‌ಬಾಲು.

ನಾನು ಕಾರ್ಯದರ್ಶಿ. ಆಡಿದ್ದನ್ನೆಲ್ಲ ಬರೆದಿಡುವವಳು.
ಬರೆಯಬಾರದ್ದನ್ನು ನೆನಪಿಡುವವಳೂ ನಾನೇ.

ಕಪಾಟಿನಲ್ಲಿ ಶಾಲೆಯ ಹಾಜರಿ ಪುಸ್ತಕವಿದೆ,
ಗಂಟಲಮಾರಿ ಬಂದ ವರ್ಷ ಪುಟದ ತುಂಬ ಸೊನ್ನೆ.
ಏಡಿ ಹಿಡಿಯುವ ಬುಟ್ಟಿ. ಎಡಗಾಲಿನ ಒಂಟಿ ಬೂಟು.
ಬ್ರೆಡ್ಡಿನಂಗಡಿಯ ಸಾಲದ ಖಾತೆ;
ಅದನ್ನು ಮಾತ್ರ ಗಾಜಿನ ಪೆಟ್ಟಿಗೆಯಲ್ಲಿ ಇಡುವುದಿಲ್ಲ.
ತೀರಿಸದೆ ಸತ್ತವರ ಮೊಮ್ಮಕ್ಕಳು ಊರಲ್ಲೇ ಇದ್ದಾರೆ,
ಅವರಲ್ಲೊಬ್ಬರು ನಮ್ಮ ಖಜಾಂಚಿ.

ಪ್ರತಿ ಮಾರ್ಚಿನಲ್ಲಿ ಟೇಪು ಬಿಚ್ಚುತ್ತೇವೆ.
ಒಂದು ತುದಿ ಚಾಪೆಲಿನ ಹೊಸ್ತಿಲಲ್ಲಿ, ಹೆಸ್ಟರ್ ಗಾರ್ಬಟ್ಟಳ ಬೂಟಿನಡಿ.
ಇನ್ನೊಂದನ್ನು ಹಿಡಿದು ಸೆಲ್ವಿನ್
ದಿಬ್ಬದ ಅಂಚಿಗೆ ಹೋಗಿ, ಹೊಟ್ಟೆಯ ಮೇಲೆ ಮಲಗಿ,
ಗಾಳಿಯ ವಿರುದ್ಧ ಕೂಗುತ್ತಾನೆ: ಐವತ್ತೆರಡು!
ಹೋದ ವರ್ಷ ಐವತ್ತೈದೂವರೆ ಇತ್ತು.
ಗೋಡೆಯ ನಕ್ಷೆಯಲ್ಲಿ ಪೆನ್ಸಿಲಿನಿಂದ ಹೊಸ ದಡ ಎಳೆಯುತ್ತೇನೆ,
ಹಳೆಯದನ್ನು ಅಳಿಸುವುದಿಲ್ಲ.
ಹೋಳು ಮಾಡಿದ ಈರುಳ್ಳಿಯ ಹಾಗಾಗಿದೆ ಊರು.
ಹೆಸ್ಟರ್ ಬಾಯಲ್ಲೇ ಭಾಗಿಸಿ ಹೇಳುತ್ತಾಳೆ:
ಹದಿನೈದು ವರ್ಷ ಇಲ್ಲವೆ ಕಮ್ಮಿ. ಅಷ್ಟರಲ್ಲಿ ನಾನಿರುವುದಿಲ್ಲ,
ಪೆಟ್ಟಿಗೆಗಳನ್ನು ನೀವೇ ಹೊರಬೇಕು.

ಆಗಸ್ಟಿನಲ್ಲಿ ಊರ ನಡಿಗೆ. ತಲೆಗೆ ಎರಡು ಪೌಂಡು, ನಾಯಿಗೆ ಬಿಟ್ಟಿ.
ತಂತಿಬೇಲಿಗೆ ಆತು ನಿಂತು ಸೆಲ್ವಿನ್
ನೀರಿನತ್ತ ಕೈಚಾಚುತ್ತಾನೆ:
ಇದು ಸೀಗೇಟ್ ಬೀದಿ. ಎಡಕ್ಕೆ ಕಮ್ಮಾರನ ಕುಲುಮೆ.
ಬಲಕ್ಕೆ, ಆ ನೊರೆ ಒಡೆಯಿತಲ್ಲ,
ಅದು ನಮ್ಮಜ್ಜಿಯ ಅಡುಗೆಮನೆ.
ಮೂವತ್ತು ಜನ ಎಡಕ್ಕೆ ನೋಡುತ್ತಾರೆ, ಬಲಕ್ಕೆ ನೋಡುತ್ತಾರೆ.
ಒಬ್ಬರು ಫೋಟೋ ತೆಗೆಯುತ್ತಾರೆ, ಬರೀ ನೀರಿನದು.
ಅಜ್ಜಿ ಮನೇಲಿ ಮೀನು ಇದ್ದವಾ? ಕೇಳಿತು ಒಂದು ಮಗು.
ಶುಕ್ರವಾರ ಮಾತ್ರ, ಅಂದ ಸೆಲ್ವಿನ್, ನಗದೆ.

ಅದೇ ಬೀದಿಯ ಕೊನೆಗೆ ಮಾಂಸದಂಗಡಿ.
ಬಾಗಿಲು ಹಸಿರು, ಎನ್ನುತ್ತಾಳೆ ಹೆಸ್ಟರ್,
ಎಂಟು ವರ್ಷದವಳಿದ್ದಾಗ ಅದಕ್ಕೆ ಬೆರಳು ಸಿಕ್ಕಿಸಿಕೊಂಡವಳು.
ನೀಲಿ, ಎನ್ನುತ್ತಾನೆ ಸೆಲ್ವಿನ್. ಉಗುರು ಹೋದವಳು ಬಣ್ಣ ನೋಡಿರುತ್ತಾಳೆಯೆ?
ಇರುವ ಒಂದೇ ಫೋಟೋದಲ್ಲಿ ಅದು ಬೂದು.
ಇಪ್ಪತ್ತೊಂದು ವರ್ಷಗಳ ನಡಾವಳಿಯಲ್ಲಿ ನನ್ನದೇ ಕೈಬರಹ:
ಬಾಗಿಲಿನ ವಿಷಯ ಮುಂದಿನ ಸಭೆಗೆ.

ಡಾನೂತಾ ಪೋಲೆಂಡಿನವಳು. ಕ್ಯಾರವಾನುಗಳನ್ನು ತೊಳೆಯಲು ಬಂದು ಉಳಿದವಳು.
ಅವಳನ್ನು ಸೇರಿಸಿಕೊಳ್ಳುವಾಗ
ಇವಳಿಗೇನು ಗೊತ್ತು ಇಲ್ಲಿಯದು, ಅಂದವರಿದ್ದರು.
ಬರೆಯಬಾರದ್ದು ಅಂದೆನಲ್ಲ, ಅದು ಇದು.
ಬೆಳಕು ಹರಿಯುವ ಮುಂಚೆ ಮರಳಿನ ಮೇಲೆ ನಡೆಯುವುದು ಅವಳೊಬ್ಬಳೇ.
ನವೆಂಬರಿನ ಸಭೆಗೆ ಅರ್ಧಗಂಟೆ ತಡವಾಗಿ ಬಂದಳು,
ಟವೆಲ್ಲಿನಲ್ಲಿ ಸುತ್ತಿದ ಹಲಗೆ, ತುಕ್ಕು ಹಿಡಿದ ಕೀಲು,
ಕೀಲಿನ ಹಿಂದೆ ಉಪ್ಪು ತಲುಪದ ಜಾಗದಲ್ಲಿ
ಉಗುರಗಲದ ಬಣ್ಣ.

ಕೆಂಪು.

ಹೀಟರು ಟಿಕ್ಕೆಂದು ಆರಿತು. ಯಾರೂ ನಾಣ್ಯ ಹುಡುಕಲಿಲ್ಲ.
ಇದು ಆ ಬಾಗಿಲೇ ಅಲ್ಲ, ಅಂದಳು ಹೆಸ್ಟರ್.
ಅಲ್ಲವೇ ಅಲ್ಲ, ಅಂದ ಸೆಲ್ವಿನ್.
ನಾನು ಬರೆದುಕೊಂಡೆ: ಸರ್ವಾನುಮತ.

ಆದರೂ ದಾಖಲೆಗೆ ತೆಗೆದುಕೊಂಡೆವು. ಸಂಖ್ಯೆ ನಾನೂರ ಹನ್ನೆರಡು.
ವಸ್ತು: ಬಾಗಿಲಿನ ತುಂಡು. ಮನೆ: ತಿಳಿಯದು.
ಕೊಟ್ಟವರು ಎಂಬಲ್ಲಿ ಅವಳ ಹೆಸರು ಬರೆಯಹೊರಟರೆ
ಡಾನೂತಾ ನನ್ನ ಕೈ ಹಿಡಿದು ನಿಲ್ಲಿಸಿದಳು.
ಕಿಟಕಿಯಾಚೆ ಕತ್ತಲಿಗೆ ಗಲ್ಲ ತೋರಿಸಿದಳು.
ಹಾಗೇ ಬರೆದೆ: ಕಡಲು.
ವಿಳಾಸದ ಅಂಕಣ ಖಾಲಿ ಬಿಟ್ಟೆ, ಸದ್ಯಕ್ಕೆ ಐವತ್ತೆರಡು ಮೀಟರು.

ಮುಂದಿನ ಸಭೆ ಡಿಸೆಂಬರ್ ಒಂಬತ್ತು.
ಬರುವವರು ಚಿಲ್ಲರೆ ತರುವುದು.